ನಿದಾನ ಮತ್ತು ನಿಧಾನ

ಸಂಸ್ಕೃತದಲ್ಲಿ 'ನಿದಾನ' ಎಂದರೆ ಮೂಲಕಾರಣ. 'ನಿಧಾನ' ಎಂದರೆ ನಿಧಿ, ಹೂಳಿಟ್ಟ ಧನ. ಈ ಎರಡನೆಯ ಶಬ್ದವು ಕನ್ನಡಕ್ಕೆ ಬರುವಾಗ ದಾರಿಯಲ್ಲಿ ಎಲ್ಲಿಯೋ ತನ್ನ ಹಣದ ಗಂಟನ್ನು ಇಳಿಸಿ, ಆತುರವಿಲ್ಲದ ನಡಿಗೆಯೊಂದನ್ನೇ ಉಳಿಸಿಕೊಂಡು ಬಂದಿತು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ನಮ್ಮ ಜನರ ಬಾಯಲ್ಲಿ ಬಹುಮಟ್ಟಿಗೆ ಅಳಿದುಹೋಗಿರುವುದರಿಂದ ಎರಡೂ ಮಾತುಗಳು ಕಿವಿಗೆ ಒಂದೇ ಆಗಿ ಕೇಳಿಸುತ್ತವೆ. ತರಗತಿಯಲ್ಲಿ ಇದನ್ನು ತಿದ್ದುವುದು ಉಪಾಧ್ಯಾಯನ ಕರ್ತವ್ಯ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಾವು ತಿದ್ದಿದ್ದೇವೆ. ಆದರೆ ಈ ಕಲಬೆರಕೆಯಲ್ಲಿಯೂ ಒಂದು ಸತ್ಯವುಂಟು. ನಿಧಾನವಿಲ್ಲದವನಿಗೆ ನಿದಾನವು ಸಿಕ್ಕುವುದಿಲ್ಲ. ಇದನ್ನು ನಮಗೆ ಮನಗಾಣಿಸಿದುದು ಗ್ರಂಥವಲ್ಲ; ಮನೆಯಲ್ಲಿದ್ದ ಒಂದು ಹಳೆಯ ಮೋಟಾರು ಸೈಕಲ್ಲಿನ ಪಿಸ್ಟನ್ನು.

ಆ ವಾಹನದ ಕುಲಗೋತ್ರಗಳನ್ನು ಎರಡು ಮಾತಿನಲ್ಲಿ ಹೇಳಿಬಿಡುವುದು ಯುಕ್ತ. ಚೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಯಂತ್ರಶಿಲ್ಪಿಯು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಾರ್ಖಾನೆಯಿಂದ ಮೋಟಾರು ಸೈಕಲ್ಲುಗಳನ್ನು ತಯಾರಿಸುವ ಹಕ್ಕನ್ನು ಕೊಂಡನು. ತನ್ನ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ಆ ಕಾರ್ಖಾನೆಯ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ಸಂಧಿಮಾಡಿ 'ಜಾವಾ' ಎಂಬ ಹೆಸರನ್ನು ಕಟ್ಟಿದನು. ಇದೇ ಜಾವಾ 1961ರಲ್ಲಿ ನಮ್ಮ ಮೈಸೂರಿನ ಯಾದವಗಿರಿಯಲ್ಲಿ, ಐಡಿಯಲ್ ಜಾವಾ ಸಂಸ್ಥೆಯ ಕಾರ್ಖಾನೆಯಿಂದ ಹೊರಬರತೊಡಗಿತು. 1973ರ ಸುಮಾರಿಗೆ ಅದರ ಹೆಸರು ಯೆಜ್ದಿ ಎಂದಾಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿಹೋಯಿತು. 2018ರಲ್ಲಿ ಜಾವಾ ಎಂಬ ಹೆಸರಿನಿಂದ ಹೊಸ ವಾಹನಗಳು ಬಂದಿವೆಯಾದರೂ ಅವುಗಳ ಯಂತ್ರದ ಜಾತಿಯೇ ಬೇರೆ. ಆದ್ದರಿಂದ ಹಳೆಯದು ಕೆಟ್ಟರೆ ಕಾರ್ಖಾನೆಯ ಬಾಗಿಲನ್ನು ತಟ್ಟುವಂತಿಲ್ಲ. ಅದನ್ನು ಬಲ್ಲ ಕೆಲವು ಮುದುಕರ ಕೈಯೂ, ಪ್ರೀತಿಯುಳ್ಳ ಕೆಲವು ಯುವಕರ ಹುಡುಕಾಟವೂ ಅದಕ್ಕೆ ಉಳಿದಿರುವ ದಿಕ್ಕು.

ನಮ್ಮ ತಂದೆಯವರು 1968ರಲ್ಲಿ ಕೊಂಡ ಜಾವಾ ಅವರ ಕಾಲದ ತರುವಾಯ ಹನ್ನೊಂದು ವರ್ಷ ಕೊಟ್ಟಿಗೆಯಲ್ಲಿ ಗೋಣಿಯ ಕೆಳಗೆ ನಿಂತಿತ್ತು. ಅದನ್ನು ಮತ್ತೆ ಎಬ್ಬಿಸಿದವನು ನಮ್ಮ ತಮ್ಮನ ಮಗ. ಎಬ್ಬಿಸಿದ ಮೂರನೆಯ ತಿಂಗಳಲ್ಲಿ ಪಿಸ್ಟನ್ನು ಸಿಲಿಂಡರನ್ನು ಕಚ್ಚಿಕೊಂಡಿತು. ಮೆಕ್ಯಾನಿಕ್ಕುಗಳು 'ಸೀಜ್ ಆಯಿತು' ಎನ್ನುವುದು ಇದಕ್ಕೇ. ಊರಿನ ಒಂದು ಕಾರ್ಯಾಗಾರದಲ್ಲಿ ಸಿಲಿಂಡರನ್ನು ಕೊರೆಯಿಸಿ ಹೊಸ ಪಿಸ್ಟನ್ನು ಹಾಕಿಕೊಟ್ಟರು. ಮುನ್ನೂರು ಕಿಲೋಮೀಟರು ಓಡುವುದರೊಳಗಾಗಿ ನಂಜನಗೂಡಿನ ರಸ್ತೆಯಲ್ಲಿ ಅದು ಎರಡನೆಯ ಸಲ ಕಚ್ಚಿಕೊಂಡಿತು. ಓಡುತ್ತಿರುವಾಗ ಎಂಜಿನು ಹೀಗೆ ಹಿಡಿದುಕೊಂಡರೆ ಸರಪಣಿಯ ಮೂಲಕ ಹಿಂದಿನ ಚಕ್ರವೂ ಸ್ತಂಭಿಸುತ್ತದೆ. ಹುಡುಗನು ಆ ಕ್ಷಣದಲ್ಲಿ ಕ್ಲಚ್ಚನ್ನು ಒತ್ತಿದ್ದರಿಂದ ಚಕ್ರವು ಬಿಡಿಸಿಕೊಂಡಿತು. ಮೊಣಕೈ ತರಚಿಕೊಂಡು ಮನೆಗೆ ಬಂದವನು, "ದೊಡ್ಡಪ್ಪ, ಹಿಂದುಗಡೆ ಲಾರಿ ಬರ್ತಾ ಇತ್ತು," ಎಂದಷ್ಟೇ ಹೇಳಿ ಸುಮ್ಮನೆ ಕುಳಿತನು.

ಅಂದಿನ ರಾತ್ರಿ ಮನೆಯಲ್ಲಿ ನಡೆದ ವಿಚಾರಣೆಯನ್ನು ವಾಚಕರು ಊಹಿಸಿಕೊಳ್ಳಬಹುದು. ನಮ್ಮ ಮನೆಯಾಕೆ, "ಅಂಥ ಕಬ್ಬಿಣ ಇನ್ನೊಂದು ಸಿಕ್ಕೀತು, ಹುಡುಗ ಸಿಕ್ಕುತ್ತಾನೆಯೆ? ನಾಳೆಯೇ ಗುಜರಿಗೆ ಹಾಕಿ," ಎಂದರು. ನಮ್ಮ ತಮ್ಮನು, ಹಳೆಯ ವಾಹನಗಳನ್ನು ಕೂಡಿಡುವವರು ಒಳ್ಳೆಯ ಬೆಲೆ ಕೊಡುತ್ತಾರೆ, ಮಾರಿಬಿಡೋಣ ಎಂದನು. ಎರಡು ಮಾತುಗಳೂ ಅನ್ಯಾಯವಾದುವಲ್ಲ. ಆದರೆ ಕಾರಣ ತಿಳಿಯದೆ ಮಾರಿದರೆ ಅಪಾಯವು ನಮ್ಮ ಮನೆಯಿಂದ ಹೊರಟುಹೋದೀತೇ ಹೊರತು ಲೋಕದಿಂದ ಹೋಗುವುದಿಲ್ಲ. ಕೊಂಡವನ ಮನೆಯಲ್ಲಿಯೂ ಒಬ್ಬ ಹುಡುಗನಿರುತ್ತಾನೆ. ಗುಜರಿಗೆ ಹಾಕುವುದಾದರೂ ರೋಗ ತಿಳಿದ ಮೇಲೆ ಹಾಕೋಣ, ಎರಡು ತಿಂಗಳು ಅವಕಾಶ ಕೊಡಿ, ಅಲ್ಲಿಯವರೆಗೆ ಅದನ್ನು ಯಾರೂ ಹತ್ತತಕ್ಕದ್ದಲ್ಲ ಎಂದು ನಾವು ನಿಬಂಧನೆ ಮಾಡಿದೆವು. ಒಪ್ಪಿಗೆಯಾಯಿತು.

ಮುಂದಿನ ವಿಷಯವು ತಿಳಿಯಬೇಕಾದರೆ ಈ ಯಂತ್ರದ ಉಸಿರಾಟವನ್ನು ತುಸು ಅರಿಯಬೇಕು. ಹಳೆಯ ಜಾವಾದ್ದು ಎರಡು ಹೊಡೆತದ ಎಂಜಿನು. ಇದರಲ್ಲಿ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತ ತೆರೆಯುತ್ತದೆ, ಮುಚ್ಚುತ್ತದೆ. ಪಿಸ್ಟನ್ನು ಮೇಲೇರುವಾಗ ಕೆಳಗಿನ ಕ್ರ್ಯಾಂಕಿನ ಕೋಣೆಯಲ್ಲಿ ಒತ್ತಡ ಕಡಮೆಯಾಗಿ, ಕಾರ್ಬೊರೇಟರಿನಿಂದ ಗಾಳಿಯೂ ಪೆಟ್ರೋಲೂ ಬೆರೆತು ಒಳಗೆ ಬರುತ್ತವೆ. ಅದು ಕೆಳಗಿಳಿಯುವಾಗ ಆ ಮಿಶ್ರಣವು ಪಕ್ಕದ ದಾರಿಗಳಿಂದ ಮೇಲಕ್ಕೆ ನುಗ್ಗಿ, ಸುಟ್ಟ ಅನಿಲವನ್ನು ಹೊರದೂಡುತ್ತದೆ. ಹೀಗಾಗಿ ಪ್ರತಿಯೊಂದು ಸುತ್ತಿಗೂ ಒಂದು ಸಲ ಬೆಂಕಿ ಹತ್ತುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನಿನಲ್ಲಿ ಸೆಕೆಂಡಿಗೆ 50 ಸಲ. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ನಡಿಗೆ 75 ಮಿಲಿಮೀಟರು; ಒಟ್ಟು ಸುಮಾರು 249 ಘನ ಸೆಂಟಿಮೀಟರು. ದೊಡ್ಡ ಲೋಟದ ಅಳತೆಯ ಈ ಕೋಣೆಯಲ್ಲಿ ಇಷ್ಟೆಲ್ಲ ಸಂಸಾರ ನಡೆಯುತ್ತದೆ.

ಇನ್ನೊಂದು ವಿಶೇಷವುಂಟು. ಈ ಎಂಜಿನಿನ ಪಿಸ್ಟನ್ನಿಗೆ ಎಣ್ಣೆಯ ಪ್ರತ್ಯೇಕ ತೊಟ್ಟಿಯಿಲ್ಲ. ಪೆಟ್ರೋಲಿಗೇ ಎಣ್ಣೆಯನ್ನು ಬೆರೆಸಿ ಹಾಕಬೇಕು. ನಾವು ಲೀಟರಿಗೆ 40 ಮಿಲಿಲೀಟರಿನಂತೆ ಬೆರೆಸುತ್ತೇವೆ. ಅಂದರೆ ಅನ್ನವೂ ಸ್ನೇಹವೂ ಒಂದೇ ತುತ್ತಿನಲ್ಲಿ ಹೋಗತಕ್ಕವು. ಪೆಟ್ರೋಲು ಕಡಮೆಯಾದರೆ ಎಣ್ಣೆಯೂ ಕಡಮೆಯಾಗುತ್ತದೆ. ಇತ್ತ ಪಿಸ್ಟನ್ನು ಅಲ್ಯೂಮಿನಿಯಮ್ ಮಿಶ್ರಲೋಹದ್ದು, ಸಿಲಿಂಡರು ಎರಕದ ಕಬ್ಬಿಣದ್ದು. ಒಂದೇ ಶಾಖಕ್ಕೆ ಅಲ್ಯೂಮಿನಿಯಮ್ಮು ಕಬ್ಬಿಣದ ಹೆಚ್ಚು ಕಡಮೆ ಇಮ್ಮಡಿಯಷ್ಟು ಹಿಗ್ಗುತ್ತದೆ. ಇವೆರಡರ ನಡುವಣ ತೆರಪು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಮೆ. ಆ ತೆರಪಿನಲ್ಲಿರುವ ಎಣ್ಣೆಯ ಪೊರೆಯೇ ಇಬ್ಬರ ನಡುವಣ ಸೌಹಾರ್ದ. ಪೊರೆ ಹರಿಯಿತೆಂದರೆ ಲೋಹ ಲೋಹವನ್ನು ಕಚ್ಚುತ್ತದೆ.

ಆಯುರ್ವೇದದವರು ರೋಗವನ್ನು ಅರಿಯುವುದಕ್ಕೆ ಐದು ದಾರಿಗಳನ್ನು ಹೇಳಿ ಅದಕ್ಕೆ ನಿದಾನಪಂಚಕವೆಂದು ಹೆಸರಿಟ್ಟಿದ್ದಾರೆ. ನಿದಾನವೆಂದರೆ ಕಾರಣ, ಪೂರ್ವರೂಪವೆಂದರೆ ರೋಗ ಬರುವ ಮುನ್ನ ತೋರುವ ಚಿಹ್ನೆ, ರೂಪವೆಂದರೆ ರೋಗದ ಪ್ರಕಟ ಲಕ್ಷಣ, ಉಪಶಯವೆಂದರೆ ಯಾವುದನ್ನು ಕೊಟ್ಟರೆ ಹಿತವಾಗುತ್ತದೆಂದು ನೋಡಿ ರೋಗವನ್ನು ಊಹಿಸುವುದು, ಸಂಪ್ರಾಪ್ತಿಯೆಂದರೆ ಕಾರಣದಿಂದ ರೋಗದವರೆಗೆ ದೋಷವು ನಡೆದ ದಾರಿ. ನಮಗೆ ತಿಳಿದಿದ್ದ ಕ್ರಮ ಇದೊಂದೇ ಆದಕಾರಣ ಇದನ್ನೇ ಹಿಡಿದೆವು.

ಮೊದಲು ಪೂರ್ವರೂಪ. ಹುಡುಗನನ್ನು ಕೂರಿಸಿಕೊಂಡು ಸಾವಕಾಶವಾಗಿ ಕೇಳಿದೆವು. ಕಚ್ಚಿಕೊಳ್ಳುವುದಕ್ಕೆ ಮುಂಚೆ ಏನೇನು ಕಂಡಿತು? ಕೈಹಿಡಿ ತಿರುಗಿಸುವುದನ್ನು ಬಿಟ್ಟರೂ ಎಂಜಿನಿನ ಓಟ ಕೂಡಲೇ ಇಳಿಯುತ್ತಿರಲಿಲ್ಲ, ಕೆಲವು ಸಲ ತಾನಾಗಿಯೇ ಕಿರಿಚಿಕೊಂಡಂತೆ ಏರುತ್ತಿತ್ತು ಎಂದನು. ಪ್ಲಗ್ಗನ್ನು ಬಿಚ್ಚಿದಾಗ ಅದರ ಮೂತಿಯು ಕಂದು ಬಣ್ಣವಾಗಿರದೆ ಸುಣ್ಣ ಬಳಿದಂತೆ ಬೆಳ್ಳಗಿತ್ತಂತೆ. ಕಾರ್ಯಾಗಾರದವರಿಗೆ ಇದನ್ನು ಹೇಳಿದ್ದಕ್ಕೆ ಅವರು ಕಾರ್ಬೊರೇಟರಿನ ತಿರುಪನ್ನು ಒಂದಿಷ್ಟು ತಿರುಗಿಸಿ ಕಳುಹಿಸಿದ್ದರು.

ಬಳಿಕ ಉಪಶಯ. ಎರಡನೆಯ ಸಲ ಓಡಿಸುವಾಗ ಪೆಟ್ರೋಲಿನ ಜೆಟ್ಟನ್ನು ಒಂದಂಶ ದೊಡ್ಡದಾಗಿ ಬದಲಾಯಿಸಿದ್ದರೆಂದೂ, ಅಲ್ಲಿಂದ ಕೆಲವು ದಿನ ಎಂಜಿನು ಸುಖವಾಗಿತ್ತೆಂದೂ ಹುಡುಗ ಹೇಳಿದನು. ಇದರ ಅರ್ಥವೇನು? ಹೆಚ್ಚು ಪೆಟ್ರೋಲು ಹಿತವಾಯಿತು ಎಂದ ಮೇಲೆ ಒಳಗೆ ಗಾಳಿಯ ಪಾಲು ಮಿತಿಮೀರಿತ್ತೆಂದಲ್ಲವೆ? ಔಷಧವು ಹಿಡಿಸಿದ ಮಾತ್ರಕ್ಕೆ ವೈದ್ಯನು ಸಂತೋಷಪಟ್ಟರೆ ಸಾಲದು. ಅದು ಏಕೆ ಹಿಡಿಸಿತೆಂದು ಕೇಳಬೇಕು.

ಇನ್ನು ರೂಪ. ಪ್ಲಗ್ಗಿನ ರಂಧ್ರದಿಂದಲೂ ಹೊಗೆ ಹೊರಡುವ ಕಿಂಡಿಗಳಿಂದಲೂ ದೀಪ ಬಿಟ್ಟು ನೋಡಿದೆವು. ಪಿಸ್ಟನ್ನು ಸತ್ತ ರೀತಿಯಲ್ಲಿಯೇ ಅದರ ಸಾಕ್ಷ್ಯವಿರುತ್ತದೆ. ನೆತ್ತಿಯಲ್ಲಿ ತೂತು ಬಿದ್ದಿದ್ದರೆ ಬೆಂಕಿಯು ಅಕಾಲದಲ್ಲಿ ಹತ್ತುತ್ತಿದೆ ಅಥವಾ ಮಿಶ್ರಣವು ಸ್ಫೋಟಿಸುತ್ತಿದೆ ಎಂದರ್ಥ. ಸುತ್ತಲೂ ನಾಲ್ಕೂ ಕಡೆ ಒಂದೇ ಸಮನಾಗಿ ಗೀರಿದ್ದರೆ ತೆರಪು ಸಾಲದೆಂದು ಶಂಕಿಸಬೇಕು. ಹೊಗೆ ಹೋಗುವ ಪಕ್ಕದಲ್ಲಿಯೇ ಉದ್ದುದ್ದವಾಗಿ ಉಜ್ಜಿದ್ದರೆ ಶಾಖವು ಅತಿಯಾಗಿ ಎಣ್ಣೆಯ ಪೊರೆ ಹರಿದಿದೆ ಎಂದು ತಿಳಿಯಬೇಕು. ಏಕೆಂದರೆ ಉರಿದ ಅನಿಲವೆಲ್ಲ ಆ ಕಡೆಯಿಂದ ಹೊರಡುವ ಕಾರಣ ಅತ್ಯಂತ ಬಿಸಿಯಾದ ಭಾಗ ಅದೇ. ನಮ್ಮದು ಈ ಮೂರನೆಯ ಬಗೆ.

ಮೂರು ಸಾಕ್ಷ್ಯಗಳೂ ಒಂದೇ ಕಡೆಗೆ ಬೆರಳು ತೋರಿಸಿದುವು. ಕಾರ್ಬೊರೇಟರಿನ ಅಪ್ಪಣೆಯಿಲ್ಲದೆ ಕಳ್ಳಗಾಳಿಯೊಂದು ಎಲ್ಲಿಂದಲೋ ಒಳನುಗ್ಗುತ್ತಿದೆ. ಎಳನೀರು ಕುಡಿಯುವ ಕೊಳವೆಗೆ ಮಧ್ಯದಲ್ಲಿ ಸೀಳು ಬಿಟ್ಟಿದ್ದರೆ ಎಷ್ಟು ಹೀರಿದರೂ ಬಾಯಿಗೆ ಗಾಳಿಯೇ ಹೆಚ್ಚು ಬರುತ್ತದಲ್ಲವೆ? ಅದೇ ನ್ಯಾಯ. ಆದರೆ ಸೀಳು ಎಲ್ಲಿ?

ಇಲ್ಲಿ ನಾವು ವಾಚಕರಿಗೆ, ಅದರಲ್ಲಿಯೂ ಇಂಥ ಕೆಲಸಕ್ಕೆ ಕೈ ಹಾಕುವ ಯುವಕರಿಗೆ, ಒತ್ತಿ ಹೇಳುವ ಮಾತೊಂದಿದೆ. ಕೆಟ್ಟ ಎಂಜಿನನ್ನು ಕಂಡೊಡನೆ ಸ್ಪಾನರು ಹಿಡಿದು ಬಿಚ್ಚಬೇಡಿರಿ. ಬಿಚ್ಚಿದ ಮೇಲೆ ಸೋರಿಕೆಯ ಸಾಕ್ಷ್ಯವು ಅಳಿದುಹೋಗುತ್ತದೆ. ಮೊದಲು ಮುಚ್ಚಿದ ಎಂಜಿನನ್ನೇ ಪ್ರಶ್ನಿಸಬೇಕು. ಅದಕ್ಕೆ ಬೇಕಾದ ಉಪಕರಣವು ನಮ್ಮ ಮನೆಯ ಔಷಧದ ಕಪಾಟಿನಲ್ಲಿಯೇ ಇದ್ದಿತು. ಅದು ನಮ್ಮ ಮನೆಯಾಕೆಯ ರಕ್ತದೊತ್ತಡವನ್ನು ನೋಡುತ್ತಿದ್ದ, ರಬ್ಬರಿನ ಬುರುಡೆಯೂ ಮುಳ್ಳೂ ಉಳ್ಳ ಹಳೆಯ ಯಂತ್ರ. "ಗಾಡಿಗೂ ಬಿ.ಪಿ. ಬಂತೇ?" ಎಂದು ಆಕೆ ಕೇಳಿದುದಕ್ಕೆ, ಇಲ್ಲ, ಇದಕ್ಕೆ ಒತ್ತಡ ನಿಲ್ಲದಿರುವ ರೋಗ ಎಂದೆವು.

ಸೈಲೆನ್ಸರುಗಳೆರಡನ್ನೂ ಕಾರ್ಬೊರೇಟರನ್ನೂ ತೆಗೆದು, ಹೊಗೆಯ ಎರಡು ಬಾಯಿಗಳಿಗೆ ರಬ್ಬರಿನ ಬಿರಡೆ ಬಡಿದು, ಕಾರ್ಬೊರೇಟರಿನ ಬಾಯಿಗೆ ಹಳೆಯ ಟ್ಯೂಬಿನ ತುಂಡನ್ನೂ ಮರದ ಹಲಗೆಯನ್ನೂ ಇಟ್ಟು ಬಿಗಿದೆವು. ಬಲಗಡೆಯ ಮುಚ್ಚಳವನ್ನು ತೆಗೆದು ಡೈನಮೊವನ್ನು ಬಿಚ್ಚಿ ಬದಿಗಿಟ್ಟೆವು. ಪಿಸ್ಟನ್ನನ್ನು ಕೆಳಗಿನ ತುದಿಗೆ ಇಳಿಸಿದರೆ ಸಿಲಿಂಡರಿಗೂ ಕ್ರ್ಯಾಂಕಿನ ಕೋಣೆಗೂ ಪಕ್ಕದ ದಾರಿಗಳಿಂದ ಸಂಪರ್ಕ ಬರುತ್ತದೆ. ಒಡೆದ ಹಳೆಯ ಪ್ಲಗ್ಗೊಂದರ ಪಿಂಗಾಣಿಯನ್ನು ತೆಗೆದುಹಾಕಿ, ಉಳಿದ ಕಬ್ಬಿಣದ ಬಳೆಗೆ ರಬ್ಬರು ಕೊಳವೆಯನ್ನು ಕಟ್ಟಿ, ಪ್ಲಗ್ಗಿನ ಜಾಗದಲ್ಲಿ ತಿರುಗಿಸಿ ಕೂರಿಸಿ, ಬುರುಡೆಯನ್ನು ಒತ್ತಿದೆವು. ಮುಳ್ಳು ಮುನ್ನೂರಕ್ಕೆ ಏರಿತು. ಅದು ಚದರ ಅಂಗುಲಕ್ಕೆ ಆರು ಪೌಂಡಿಗೆ ಹತ್ತಿರದ ಒತ್ತಡ. ಎಲ್ಲವೂ ಭದ್ರವಾಗಿರುವ ಎಂಜಿನು ಇಷ್ಟನ್ನು ಕೆಲವು ನಿಮಿಷ ಹಿಡಿದುಕೊಳ್ಳಬೇಕು. ನಮ್ಮದರಲ್ಲಿ ಹತ್ತು ಎಣಿಸುವುದರೊಳಗೆ ಮುಳ್ಳು ನೂರಕ್ಕಿಂತ ಕೆಳಗಿಳಿಯಿತು.

ಸಾಬೂನಿನ ನೀರನ್ನು ಕುಂಚದಿಂದ ಒಂದೊಂದೇ ಸಂದಿಗೆ ಸವರುತ್ತ ಬಂದೆವು. ಸಿಲಿಂಡರಿನ ತಲೆಯಲ್ಲಿ ಗುಳ್ಳೆಯಿಲ್ಲ, ಬುಡದಲ್ಲಿಲ್ಲ, ಕಾರ್ಬೊರೇಟರಿನ ಸೇರುವೆಯಲ್ಲಿಲ್ಲ. ಬಲಗಡೆ, ಡೈನಮೊ ಕುಳಿತಿರುತ್ತಿದ್ದ ಕಡೆ, ಕ್ರ್ಯಾಂಕಿನ ದಂಡವು ಹೊರಬರುವಲ್ಲಿ ಸವರಿದೊಡನೆ ನೊರೆಯು ಮಲ್ಲಿಗೆಯ ದಂಡೆಯಂತೆ ಎದ್ದಿತು. ಅಲ್ಲಿರುವುದು ಆಯಿಲ್ ಸೀಲು ಎಂಬ ರಬ್ಬರಿನ ಬಳೆ. ಹನ್ನೊಂದು ವರ್ಷ ನಿಂತಲ್ಲಿಯೇ ನಿಂತು ಅದರ ತುಟಿಯು ಒಣಗಿ ಕೊಂಬಿನಂತೆ ಗಟ್ಟಿಯಾಗಿತ್ತು. ಹುಡುಗನು ಗುಳ್ಳೆಗಳನ್ನು ನೋಡುತ್ತ, "ಇಷ್ಟೇನಾ, ದೊಡ್ಡಪ್ಪ?" ಎಂದನು. ಇಷ್ಟೇ. ಎರಡು ಪಿಸ್ಟನ್ನುಗಳನ್ನು ನುಂಗಿ ಒಬ್ಬ ಹುಡುಗನ ಪ್ರಾಣಕ್ಕೆ ಕೈಚಾಚಿದುದು ಕೆಲವೇ ರೂಪಾಯಿಗಳ ಒಂದು ರಬ್ಬರು ಬಳೆ.

ಸಂಪ್ರಾಪ್ತಿಯು ಈಗ ಸ್ಪಷ್ಟವಾಯಿತು. ಸೀಲು ಒಣಗಿತು, ಪಿಸ್ಟನ್ನು ಮೇಲೇರುವಾಗಲೆಲ್ಲ ಅಲ್ಲಿಂದ ಬರಿಯ ಗಾಳಿ ಒಳಬಂದಿತು, ಮಿಶ್ರಣದಲ್ಲಿ ಪೆಟ್ರೋಲೂ ಅದರೊಡನೆ ಎಣ್ಣೆಯೂ ತೆಳುವಾದುವು, ಉರಿ ಬಿಸಿಯಾಯಿತು, ಪಿಸ್ಟನ್ನು ಹಿಗ್ಗಿತು, ಪೊರೆ ಹರಿಯಿತು, ಲೋಹ ಕಚ್ಚಿತು. ಇನ್ನೊಂದು ಸ್ವಾರಸ್ಯವನ್ನೂ ಹೇಳಬೇಕು. ಇಂಥದೇ ಸೀಲು ಎಡಗಡೆಯಲ್ಲಿಯೂ ಉಂಟು. ಅದು ಸೋತರೆ ಕ್ಲಚ್ಚಿನ ಕಡೆಯ ಎಣ್ಣೆಯನ್ನು ಎಂಜಿನು ಹೀರಿಕೊಂಡು ದಟ್ಟವಾಗಿ ಹೊಗೆಯುಗುಳುತ್ತದೆ. ಬೀದಿಯವರೆಲ್ಲ ರೋಗವನ್ನು ಕಂಡುಹಿಡಿಯುತ್ತಾರೆ. ಬಲಗಡೆಯದು ಸೋತರೆ ಹೊಗೆಯಿಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಹೊಗೆಯಿಲ್ಲವೆಂದು ಬೆಂಕಿಯಿಲ್ಲವೆಂದುಕೊಳ್ಳಬಾರದೆಂಬುದೂ ಅದೇ ಶಾಸ್ತ್ರದ ಪಾಠವೇ. ಕಾಯ್ದ ಕಬ್ಬಿಣದಲ್ಲಿ ಹೊಗೆಯಿಲ್ಲದ ಬೆಂಕಿಯಿರುತ್ತದಷ್ಟೆ.

ಇಷ್ಟಾದ ಮೇಲೆ ಬಿಚ್ಚುವ ಕೆಲಸ. ಪೆಟ್ರೋಲನ್ನು ಬಸಿದು ಅಡುಗೆಮನೆಯಿಂದಲೂ ದೇವರ ದೀಪದಿಂದಲೂ ದೂರ, ಹಿತ್ತಲಿನ ಕೊನೆಯಲ್ಲಿ ಮುಚ್ಚಿಟ್ಟೆವು. ಕಚ್ಚಿಕೊಂಡಾಗ ಉದುರಿದ ಅಲ್ಯೂಮಿನಿಯಮ್ಮಿನ ಪುಡಿಯು ಕ್ರ್ಯಾಂಕಿನ ಕೋಣೆಗೆ ಬಿದ್ದಿರುವ ಸಂಭವವಿದ್ದುದರಿಂದ, ಮೇಲುಮೇಲೆ ಒರೆಸಿ ಹೊಸ ಪಿಸ್ಟನ್ನು ಹಾಕುವ ಹಾಗಿರಲಿಲ್ಲ. ಆ ಪುಡಿಯೊಂದು ಬೇರಿಂಗಿನಲ್ಲಿ ಸಿಕ್ಕಿದರೆ ಮತ್ತೊಂದು ಅನರ್ಥ. ಎಂಜಿನನ್ನೇ ಚೌಕಟ್ಟಿನಿಂದ ಇಳಿಸಿ, ಉದ್ದಕ್ಕೆ ಎರಡು ಹೋಳಾಗಿ ಬಿಡಿಸಿದೆವು. ಈ ವಾಹನದಲ್ಲಿ ಗೇರುಗಳೂ ಕ್ರ್ಯಾಂಕೂ ಒಂದೇ ಕವಚದಲ್ಲಿರುವುದರಿಂದ ಒಂದನ್ನು ತೆರೆದರೆ ಎಲ್ಲವನ್ನೂ ತೆರೆದಂತೆಯೇ. ಬಿಚ್ಚಿದ ತಿರುಪುಗಳನ್ನು ಯಾವ ರಂಧ್ರದಿಂದ ಬಂದುವೋ ಅದೇ ಕ್ರಮದಲ್ಲಿ ರಟ್ಟಿಗೆ ಚುಚ್ಚಿ ಹೆಸರು ಬರೆದೆವು. ಹಬ್ಬದ ಗೊಂಬೆಗಳನ್ನು ಕಟ್ಟಿಡುವಾಗ ಹೆಂಗಸರು ಗಂಟಿಗೆ ಚೀಟಿ ಅಂಟಿಸುವ ಪದ್ಧತಿಯೇ ಇದು.

ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಎಳೆದು ನೋಡಿದೆವು. ಆ ದಿಕ್ಕಿನಲ್ಲಿ ಆಟವಿದ್ದರೆ ಕೆಳಗಿನ ಬೇರಿಂಗು ಸವೆದಿದೆಯೆಂದು ತಿಳಿಯಬೇಕು. ದೈವವಶಾತ್ ಇರಲಿಲ್ಲ. ಮುಖ್ಯ ಬೇರಿಂಗುಗಳನ್ನೂ ಎರಡು ಕಡೆಯ ಸೀಲುಗಳನ್ನೂ ಹೊಸದಾಗಿ ತಂದೆವು. ಬೇರಿಂಗನ್ನು ಕವಚದೊಳಗೆ ಸುತ್ತಿಗೆಯಿಂದ ಬಡಿದು ಕೂರಿಸುವವರಿದ್ದಾರೆ. ಅದು ಕೂಡದು. ಈ ಕಷ್ಟವನ್ನು ಬಗೆಹರಿಸಿದವರು ನಮ್ಮ ಮನೆಯಾಕೆ. ಬಿಗಿಯಾಗಿ ಕೂತ ಡಬ್ಬಿಯ ಮುಚ್ಚಳವನ್ನು ಬಿಸಿನೀರಿಗೆ ಹಿಡಿದು ಸಡಿಲಿಸುವುದನ್ನು ಆಕೆ ನಲವತ್ತು ವರ್ಷದಿಂದ ಮಾಡುತ್ತ ಬಂದವರು. "ಹೊರಗಿನದನ್ನು ಕಾಯಿಸಿ, ಒಳಗಿನದನ್ನು ತಣ್ಣಗೆ ಮಾಡಿ," ಎಂದರು. ಬೇರಿಂಗುಗಳನ್ನು ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಫ್ರಿಜ್ಜಿನ ಮಂಜಿನ ಖಾನೆಯಲ್ಲಿಟ್ಟು, ಚೆನ್ನಾಗಿ ತೊಳೆದು ಒಣಗಿಸಿದ ಕವಚವನ್ನು ನೀರು ಕುದಿಯುವಷ್ಟು ಬಿಸಿಗೆ ಕಾಯಿಸಿದೆವು. ಕವಚದ ಅಲ್ಯೂಮಿನಿಯಮ್ಮು ಹಿಗ್ಗಿ ಬಾಯಿ ಬಿಟ್ಟಿತು. ಉಕ್ಕಿನ ಬೇರಿಂಗು ಒಂದೇ ಹಿಡಿತಕ್ಕೆ ಜಾರಿ ಕುಳಿತಿತು. ಪಿಸ್ಟನ್ನನ್ನು ಕೊಂದ ಹಿಗ್ಗುವ ಗುಣವೇ ಇಲ್ಲಿ ಉಪಕಾರಕ್ಕೆ ಬಂದಿತು. ಗುಣವು ಕೆಟ್ಟದ್ದಲ್ಲ, ಸಮಯಾಸಮಯವಷ್ಟೆ.

ಮನೆಯಲ್ಲಿ ಆಗತಕ್ಕ ಕೆಲಸವಲ್ಲದ್ದು ಸಿಲಿಂಡರನ್ನು ಕೊರೆಯುವುದು. ಅದಕ್ಕಾಗಿ ಹಳೆಯ ಲೇತ್ ಅಂಗಡಿಯೊಂದಕ್ಕೆ ಹೋದೆವು. ಅಲ್ಲಿನ ವೃದ್ಧರು ಸಿಲಿಂಡರನ್ನು ಮಾತ್ರ ತೆಗೆದುಕೊಳ್ಳಲು ಒಪ್ಪಲಿಲ್ಲ. "ಪಿಸ್ಟನ್ ಎಲ್ಲಿ, ಮೇಷ್ಟ್ರೇ? ಅದರ ಮೈ ಅಳೀದೆ ನಾನು ಬೋರ್ ಹೊಡೆಯೋಲ್ಲ," ಎಂದರು. ಪೆಟ್ಟಿಗೆಯ ಮೇಲೆ ಬರೆದ ಅಂಕಿಯನ್ನು ನಂಬಬಾರದು; ಪ್ರತಿಯೊಂದು ಪಿಸ್ಟನ್ನಿಗೂ ಕೂದಲೆಳೆಯಷ್ಟು ಬೇರೆ ಅಳತೆಯುಂಟು. ಅದರ ಮೈಯೂ ನಿಜವಾಗಿ ದುಂಡಗಿರುವುದಿಲ್ಲ. ಹೆಚ್ಚು ಕಾಯುವ ನೆತ್ತಿಯು ಬುಡಕ್ಕಿಂತ ಕಿರಿದು. ಅಡ್ಡಗಲವೂ ತುಸು ಅಂಡಾಕಾರ. ಬಿಸಿಯಾದಾಗ ದುಂಡಾಗಲೆಂದು ತಣ್ಣಗಿರುವಾಗ ಓರೆಯಾಗಿ ಮಾಡಿರುತ್ತಾರೆ. ಆದಕಾರಣ ಎಲ್ಲಿ ಅಳೆಯಬೇಕೆಂಬುದನ್ನು ಬಲ್ಲವನೇ ಅಳೆಯಬೇಕು.

ಆ ವೃದ್ಧರು ಸಿಲಿಂಡರಿನ ಗೀರಿಲ್ಲದ ಭಾಗವನ್ನೂ ಸತ್ತ ಪಿಸ್ಟನ್ನನ್ನೂ ಅಳೆದು ನೋಡಿ ಹೇಳಿದ ಮಾತು ಗಮನಿಸತಕ್ಕದ್ದು: "ಹಿಂದಿನೋರು ಹೊಡೆದಿರೋ ಬೋರ್ ಸರಿಯಾಗೇ ಇದೆ. ಇದು ಬೋರಿನ ತಪ್ಪಲ್ಲ." ಅಂದರೆ ಕಾರ್ಯಾಗಾರದವರ ಕೈಕೆಲಸದಲ್ಲಿ ದೋಷವಿರಲಿಲ್ಲ. ಅವರು ಹಾಕಿಕೊಂಡ ಪ್ರಶ್ನೆಯಲ್ಲಿ ದೋಷವಿತ್ತು. 'ಏನು ಕೆಟ್ಟಿದೆ?' ಎಂದು ಕೇಳಿದರು, 'ಏಕೆ ಕೆಟ್ಟಿತು?' ಎಂದು ಕೇಳಲಿಲ್ಲ. ಮೊದಲನೆಯ ಪ್ರಶ್ನೆಗೆ ಪಿಸ್ಟನ್ನು ಎಂಬ ಉತ್ತರ ಸರಿಯಾದದ್ದೇ. ಆದರೆ ಆ ಸರಿಯಾದ ಉತ್ತರಕ್ಕೆ ತೆತ್ತ ಬೆಲೆ ದೊಡ್ಡದು. 65 ಮಿಲಿಮೀಟರು ಇದ್ದ ಸಿಲಿಂಡರನ್ನು ತಂದೆಯವರ ಕಾಲದಲ್ಲಿ ಸಹಜವಾದ ಸವೆತಕ್ಕಾಗಿ ಒಂದು ಸಲ 65.25ಕ್ಕೆ ಕೊರೆದಿತ್ತು. ಕಾರ್ಯಾಗಾರದವರು 65.50 ಮಾಡಿದರು; ಈಗ 65.75. ಕೊರೆದ ಲೋಹವು ಮರಳಿ ಬಾರದು. ಗೋಡೆ ತೆಳುವಾಗುತ್ತ ಹೋಗುವುದಕ್ಕೆ ಒಂದು ಮೇರೆಯುಂಟು. ಕಾರಣವನ್ನು ಕೇಳದೆ ಮಾಡಿದ ಪ್ರತಿಯೊಂದು ಚಿಕಿತ್ಸೆಯೂ ರೋಗಿಯ ಆಯುಸ್ಸಿನಿಂದಲೇ ತನ್ನ ಶುಲ್ಕವನ್ನು ಕತ್ತರಿಸಿಕೊಳ್ಳುತ್ತದೆ.

ಕೊರೆದು ತಂದ ಸಿಲಿಂಡರನ್ನು ಬಿಸಿನೀರು ಸಾಬೂನುಗಳಿಂದ ಬಿಳಿಯ ಬಟ್ಟೆಗೆ ಕಪ್ಪು ಹತ್ತದಿರುವವರೆಗೂ ತೊಳೆದು, ಕೂಡಲೇ ಎಣ್ಣೆ ಸವರಿದೆವು. ಕಿಂಡಿಗಳ ಅಂಚುಗಳನ್ನು ಮೆಲ್ಲನೆ ಉಜ್ಜಿ ಮೊನಚು ತೆಗೆದಿದ್ದಾರೆಯೇ ಎಂದು ಬೆರಳಾಡಿಸಿ ನೋಡಿದೆವು. ಮೊನಚಿದ್ದರೆ ರಿಂಗು ಸಿಕ್ಕಿ ಮುರಿಯುತ್ತದೆ. ರಿಂಗನ್ನು ಬರಿಯ ಸಿಲಿಂಡರಿನೊಳಗೆ ಇಳಿಸಿ, ಅದರ ಎರಡು ತುದಿಗಳ ನಡುವಣ ಸಂದನ್ನು ಫೀಲರ್ ಗೇಜಿನಿಂದ ಅಳೆದೆವು, 0.2ರಿಂದ 0.3 ಮಿಲಿಮೀಟರಿನೊಳಗಿದ್ದಿತು. ಪಿಸ್ಟನ್ನಿನ ಗಾಡಿಯಲ್ಲಿ ಒಂದು ಸಣ್ಣ ಗೂಟವುಂಟು. ರಿಂಗಿನ ಬಾಯಿ ಅದಕ್ಕೆ ಸರಿಯಾಗಿ ಕೂರಬೇಕು. ನೆತ್ತಿಯ ಮೇಲಿನ ಬಾಣದ ಗುರುತು ಹೊಗೆಯ ಕಡೆಗೆ ಮುಖಮಾಡಬೇಕು. ಪಿಸ್ಟನ್ ಪಿನ್ನಿನ ಎರಡು ಕಡೆಯ ಲಾಕುಗಳನ್ನು ಎಂದಿಗೂ ಹಳೆಯವನ್ನು ಹಾಕಬಾರದು; ಒಂದು ಎಗರಿದರೂ ಸಿಲಿಂಡರಿನ ಗೋಡೆಯನ್ನೇ ಉತ್ತುಹಾಕುತ್ತದೆ. ಲಾಕು ಹಾಕುವಾಗ ಕೆಳಗಿನ ಬಾಯಿಗೆ ಶುದ್ಧವಾದ ಬಟ್ಟೆ ತುರುಕಿರಬೇಕು. ತಲೆಯ ನಾಲ್ಕು ನಟ್ಟುಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ ಓರೆ ಓರೆಯಾಗಿ ಎದುರು ಬದುರಿನವನ್ನು ಸ್ವಲ್ಪಸ್ವಲ್ಪವೇ ಬಿಗಿಯಬೇಕು.

ಚಾಲೂ ಮಾಡುವ ಮುನ್ನ ಮತ್ತೊಮ್ಮೆ ಬಿರಡೆ ಬಡಿದು ಬುರುಡೆ ಒತ್ತಿದೆವು. ಮುಳ್ಳು ಮುನ್ನೂರಕ್ಕೆ ಏರಿ ನಿಂತಿತು. ಮೂರು ನಿಮಿಷವಾದರೂ ಇನ್ನೂರ ತೊಂಬತ್ತರ ಕೆಳಗಿಳಿಯಲಿಲ್ಲ. ಆಗ ನಮ್ಮ ಮನೆಯಾಕೆಯೂ ಬಂದು ಬಗ್ಗಿ ಆ ಮುಳ್ಳನ್ನು ನೋಡಿದರು. ಹುಡುಗ ವಾಹನವನ್ನು ಹತ್ತಬಹುದೆಂಬ ಅಪ್ಪಣೆಯು ಆಕೆಯ ಬಾಯಿಂದ ಬಂದುದು ಆ ಮೇಲೆ. ನಾವು ಎಷ್ಟು ಪ್ರಮಾಣಗಳನ್ನು ಹೇಳಿದ್ದರೂ ಬಾರದಿದ್ದ ಅಪ್ಪಣೆ ಪ್ರತ್ಯಕ್ಷ ಪ್ರಮಾಣದಿಂದ ಬಂದಿತು.

ಇಲ್ಲಿಂದ ಮುಂದಿನದು ನಿಧಾನದ ಅಧ್ಯಾಯ. ಹೊಸ ಪಿಸ್ಟನ್ನೂ ಹೊಸದಾಗಿ ಕೊರೆದ ಗೋಡೆಯೂ ಹೊಸ ಸೊಸೆಯೂ ಅತ್ತೆಯೂ ಇದ್ದಂತೆ. ಇಬ್ಬರೂ ಒಳ್ಳೆಯವರಾದರೂ ಒಬ್ಬರನ್ನೊಬ್ಬರು ಅರಿಯುವುದಕ್ಕೆ ಕಾಲ ಬೇಕು. ಮೊದಲನೆಯ ದಿನ ಎಂಜಿನನ್ನು ಬೆಚ್ಚಗಾಗುವಷ್ಟು ಮಾತ್ರ ಓಡಿಸಿ, ಪೂರ್ತಿ ಆರಲು ಬಿಟ್ಟು, ಮತ್ತೆ ಓಡಿಸಿ, ಹೀಗೆ ಮೂರು ಸಲ ಮಾಡಿದೆವು. ತಣಿದ ಮೇಲೆ ತಲೆಯ ನಟ್ಟುಗಳನ್ನು ಮತ್ತೊಮ್ಮೆ ನೋಡಿದೆವು. ಪೆಟ್ರೋಲಿಗೆ ಎಣ್ಣೆಯನ್ನು ಲೀಟರಿಗೆ 50 ಮಿಲಿಲೀಟರಿಗೆ ಏರಿಸಿ, ಮೊದಲ 500 ಕಿಲೋಮೀಟರುಗಳಲ್ಲಿ ಗಂಟೆಗೆ 40ನ್ನು ಮೀರಬಾರದೆಂದು ಕಟ್ಟುಮಾಡಿದೆವು. ಇದಲ್ಲದೆ ಇನ್ನೊಂದು ನಿಯಮ. ಚಾಮುಂಡಿ ಬೆಟ್ಟದಂಥ ಇಳಿಜಾರಿನಲ್ಲಿ ಕೈಹಿಡಿಯನ್ನು ಪೂರ್ತಿ ಮುಚ್ಚಿ ಎಂಜಿನಿನ ತಡೆಯಿಂದಲೇ ಇಳಿಯಬಾರದು. ಹಾಗೆ ಮಾಡಿದರೆ ಎಂಜಿನು ವೇಗವಾಗಿ ತಿರುಗುತ್ತಿರುತ್ತದೆ. ಪೆಟ್ರೋಲು ನಿಂತುಹೋದುದರಿಂದ ಎಣ್ಣೆಯೂ ನಿಂತಿರುತ್ತದೆ. ಬ್ರೇಕುಗಳನ್ನೇ ನಂಬಿ ಮೆಲ್ಲನೆ ಇಳಿಯುತ್ತ, ಆಗಾಗ ಕ್ಲಚ್ಚನ್ನು ಒತ್ತಿ ಕೈಹಿಡಿಯನ್ನು ತುಸು ತಿರುಗಿಸಿ, ಅದಕ್ಕೆ ಒಂದು ಗುಟುಕು ಎಣ್ಣೆ ಕುಡಿಸಬೇಕು. ಹತ್ತುವಾಗ ಬೇಕಾದ ಎಚ್ಚರವು ಇಳಿಯುವಾಗಲೂ ಬೇಕೆಂಬುದು ಯಂತ್ರಕ್ಕೆ ಮಾತ್ರ ಸಲ್ಲುವ ಮಾತೇನೂ ಅಲ್ಲ.

ಹುಡುಗನು ಈ ನಿಯಮಗಳನ್ನು ಪಾಲಿಸುತ್ತಾನೆಯೇ ಎಂಬ ಸಂಶಯ ನಮಗಿದ್ದಿತು. ಆದರೆ ಗುಳ್ಳೆಗಳನ್ನು ಕಣ್ಣಾರೆ ಕಂಡವನಿಗೆ ಉಪದೇಶ ಬೇಕಾಗಲಿಲ್ಲ. ಪ್ರತಿ ನೂರು ಕಿಲೋಮೀಟರಿಗೆ ಪ್ಲಗ್ಗನ್ನು ಬಿಚ್ಚಿ ಬಣ್ಣ ನೋಡಿ ಬರೆದಿಡುತ್ತ ಬಂದನು. ಮೊದಲು ಎಣ್ಣೆ ಹೆಚ್ಚಾಗಿ ಕಪ್ಪಗಿದ್ದ ಮೂತಿಯು ಕ್ರಮೇಣ ಕಾಫಿಯ ಬಣ್ಣಕ್ಕೆ ತಿರುಗಿತು. ಕೈಹಿಡಿ ಬಿಟ್ಟೊಡನೆ ಓಟ ಇಳಿಯುತ್ತದೆ. ಈಗ 2000 ಕಿಲೋಮೀಟರುಗಳಾಗಿವೆ, ಎಂಜಿನು ಕಚ್ಚಿಕೊಂಡಿಲ್ಲ.

ಈ ಕಥೆಯಲ್ಲಿ ಮೋಟಾರು ಸೈಕಲ್ಲಿಲ್ಲದ ಮನೆಯವರಿಗೂ ಒಂದು ಪ್ರಯೋಜನವುಂಟೆಂದು ನಮ್ಮ ನಂಬಿಕೆ. ಫ್ಯೂಸು ಪದೇ ಪದೇ ಸುಟ್ಟರೆ ದಪ್ಪನೆಯ ತಂತಿ ಕಟ್ಟುವ ಮನೆಗಳಿವೆ. ಸುಟ್ಟ ಫ್ಯೂಸು ತನ್ನ ಪ್ರಾಣ ಕೊಟ್ಟು ಹೇಳಿದ ಸುದ್ದಿಯನ್ನು ಅವರು ಓದಲಿಲ್ಲ. ಗೋಡೆಯ ತೇವಕ್ಕೆ ವರ್ಷ ವರ್ಷವೂ ಸುಣ್ಣ ಹೊಡೆಯುವವರಿದ್ದಾರೆ. ಮಾಳಿಗೆಯ ಬಿರುಕನ್ನು ಹತ್ತಿ ನೋಡುವವರಿಲ್ಲ. ಮಗುವಿಗೆ ಮೇಲಿಂದ ಮೇಲೆ ತಲೆನೋವು ಬಂದರೆ ಮಾತ್ರೆ ಕೊಡುತ್ತಾರೆ. ಅದು ಪುಸ್ತಕವನ್ನು ಮೂಗಿಗೆ ತಗುಲಿಸಿಕೊಂಡು ಓದುತ್ತಿರುವುದನ್ನು ಕಾಣುವುದಿಲ್ಲ. ಒಂದು ವಸ್ತು ಒಂದು ಸಲ ಕೆಟ್ಟರೆ ಅದು ಅದರ ಆಯುಸ್ಸಿನ ಕೊನೆಯಿರಬಹುದು. ಅದೇ ಜಾಗದಲ್ಲಿ ಹೊಸದು ಬಂದು ಅದೂ ಕೆಟ್ಟರೆ, ಕೆಟ್ಟ ವಸ್ತುವನ್ನು ಬದಿಗಿಟ್ಟು ಅದರ ಸುತ್ತಮುತ್ತಲನ್ನು ವಿಚಾರಿಸಬೇಕು. ಅದಕ್ಕೆ ಬೇಕಾದುದು ಹಣವಲ್ಲ. ಕೈಗೆ ಬಂದ ಸ್ಪಾನರನ್ನು ಒಂದು ಗಳಿಗೆ ಕೆಳಗಿಡುವ ಸೈರಣೆ ಸಾಕು.

ತಂದೆಯವರು ಈ ವಾಹನಕ್ಕೆಂದು ಇಟ್ಟಿದ್ದ ಒಂದು ಟಿಪ್ಪಣಿಯ ಪುಸ್ತಕವುಂಟು. ಅದರಲ್ಲಿ 1968ರಿಂದ ಎಣ್ಣೆ, ಪ್ಲಗ್ಗು, ಸರಪಣಿಗಳ ಲೆಕ್ಕವೆಲ್ಲ ಅವರ ದುಂಡನೆಯ ಅಕ್ಷರದಲ್ಲಿದೆ. ಮುಂದಿನ ಪುಟದಲ್ಲಿ ಈಗ ಹುಡುಗನ ಬರವಣಿಗೆ ಆರಂಭವಾಗಿದೆ. ಮೊದಲನೆಯ ಸಾಲಿನಲ್ಲಿ ಬೋರಿನ ಅಳತೆ 65.75 ಎಂದು ಬರೆದು, ಅದರ ಮುಂದೆ 'ಕಾರಣ' ಎಂಬ ಹೊಸ ಅಂಕಣವೊಂದನ್ನು ತಾನಾಗಿಯೇ ಗೆರೆಯೆಳೆದು ಮಾಡಿ, 'ಬಲಗಡೆಯ ಸೀಲು' ಎಂದು ತುಂಬಿದ್ದಾನೆ.